ಮೊದಲು ಬರುವ ತಣ್ಣೀರು

ಬೆಂಗಳೂರಿನ ಯಾವುದೇ ಬಡಾವಣೆಯ ತಾರಸಿಯ ಮೇಲೆ ನಿಂತು ಸುತ್ತ ಕಣ್ಣಾಡಿಸಿದರೆ, ಒಣಗಲು ಹಾಕಿದ ಬಟ್ಟೆಗಳ ಆಚೆಗೆ ದಕ್ಷಿಣದ ಕಡೆಗೆ ಮುಖಮಾಡಿ ಓರೆಯಾಗಿ ಕುಳಿತಿರುವ ಗಾಜಿನ ಕೊಳವೆಗಳ ಸಾಲುಗಳೂ ಅವುಗಳ ನೆತ್ತಿಯ ಮೇಲಿನ ಉರುಟು ಟ್ಯಾಂಕುಗಳೂ ಕಾಣುತ್ತವೆ. ಸೋಲಾರ್ ವಾಟರ್ ಹೀಟರನ್ನು ಕರ್ನಾಟಕದಷ್ಟು ಒಲವಿನಿಂದ ಬರಮಾಡಿಕೊಂಡ ರಾಜ್ಯಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಹೊಸ ಕಟ್ಟಡಗಳಿಗೆ ಸರ್ಕಾರ ಅದನ್ನು 2007ರಲ್ಲಿಯೇ ಕಡ್ಡಾಯ ಮಾಡಿತು. ವಿದ್ಯುತ್ ಕಂಪನಿಗಳೂ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿಯನ್ನು ಕೊಡುತ್ತ ಬಂದಿವೆ. ಸೂರ್ಯನೂ ವರ್ಷದ ಬಹುಪಾಲು ದಿನಗಳಲ್ಲಿ ತನ್ನ ಪಾಲಿನ ಕೆಲಸವನ್ನು ತಪ್ಪದೆ ಮಾಡುತ್ತಾನೆ. ಹೀಗಿದ್ದೂ ಬೆಳಗಿನ ಹೊತ್ತು ಶವರಿನ ಕೆಳಗೆ ಒಂದು ಕೈ ಚಾಚಿ, ಮಿಕ್ಕ ಮೈಯನ್ನು ಗೋಡೆಗೆ ಒತ್ತಿ ನಿಂತು, ‘ಈ ಸೋಲಾರ್ ಸರಿಯಾಗಿ ಕಾಯ್ತಾನೇ ಇಲ್ಲ’ ಎಂದು ಗೊಣಗುವವರ ಸಂಖ್ಯೆ ಕಡಿಮೆಯಾಗಿಲ್ಲ. ಅದೇ ಹೊತ್ತಿನಲ್ಲಿ ತಾರಸಿಯ ಟ್ಯಾಂಕಿನೊಳಗೆ ಕೈಯಿಟ್ಟರೆ ಬೊಬ್ಬೆ ಏಳುವಂಥ ನೀರು ಇರುತ್ತದೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ದೂರು ಬಿಸಿಲಿನ ಮೇಲಿದ್ದರೂ ತಪ್ಪು ಸಾಮಾನ್ಯವಾಗಿ ಪೈಪಿನದು. ತಾರಸಿಯಿಂದ ಗೋಡೆ ಇಳಿದು, ಪಡಸಾಲೆಯನ್ನು ಬಳಸಿ, ನೆಲಮಹಡಿಯ ಬಚ್ಚಲುಮನೆಯನ್ನು ಸೇರುವ ಹೊತ್ತಿಗೆ ಬಿಸಿನೀರಿನ ಪೈಪು ಸುಲಭವಾಗಿ 20 ಮೀಟರ್ ಸಾಗಿರುತ್ತದೆ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು ಕಾಲು ಲೀಟರ್ ನೀರನ್ನು ಹಿಡಿಯುವುದರಿಂದ, ರಾತ್ರಿಯಿಡೀ ಗೋಡೆಯೊಳಗೆ ತಣ್ಣಗೆ ಮಲಗಿದ್ದ 5 ಲೀಟರ್ ನೀರು ಹೊರಗೆ ಬಂದ ಮೇಲೆಯೇ ಬಿಸಿನೀರಿನ ಸರದಿ. ಹಾಗೆ ಬರುವ ಬಿಸಿನೀರು ಕೂಡ ದಾರಿಯುದ್ದಕ್ಕೂ ತಣ್ಣಗಾಗಿರುವ ಪೈಪಿಗೆ ಸುಂಕ ಕಟ್ಟುತ್ತಲೇ ಬರಬೇಕು. ದಪ್ಪ ಪೈಪು ಹಾಕಿಸಿದರೆ ನೀರು ಜೋರಾಗಿ ಬರುತ್ತದೆಂಬ ಮೇಸ್ತ್ರಿಯ ಮಾತು ಸುಳ್ಳಲ್ಲ. ಆದರೆ ಒಂದು ಇಂಚಿನ ಪೈಪು ಅದೇ ದೂರಕ್ಕೆ 8 ಲೀಟರಿನಷ್ಟು ತಣ್ಣೀರನ್ನು ಬಚ್ಚಿಟ್ಟುಕೊಳ್ಳುತ್ತದೆಂಬುದನ್ನು ಅವನು ಹೇಳುವುದಿಲ್ಲ. ಅರ್ಧ ಇಂಚಿನದಾದರೆ ಎರಡೂವರೆ ಲೀಟರಿನಲ್ಲಿ ಮುಗಿಯುತ್ತದೆ, ಆದರೆ ಕೇವಲ ಟ್ಯಾಂಕಿನ ಎತ್ತರವನ್ನು ನಂಬಿ ಹರಿಯುವ ನೀರು ಅಷ್ಟು ಕಿರಿದಾದ ದಾರಿಯಲ್ಲಿ ನಿತ್ರಾಣವಾಗಿ ತೊಟ್ಟಿಕ್ಕುತ್ತದೆ.

ಈ ಐದು ಲೀಟರಿನ ಮೇಲೆ ಒಂದು ಮನೆಯ ಸ್ನಾನದ ರಾಜಕೀಯವೆಲ್ಲ ನಿಂತಿರುತ್ತದೆ. ಮೊದಲು ಎದ್ದವರಿಗೆ ತಣ್ಣೀರು, ಅವರ ಬೆನ್ನಿಗೇ ಒಳಹೊಕ್ಕವರಿಗೆ ಕೊಳಾಯಿ ತಿರುಗಿಸಿದೊಡನೆ ಬಿಸಿನೀರು, ಪತ್ರಿಕೆ ಓದುತ್ತ ಮುಕ್ಕಾಲು ಗಂಟೆ ತಡಮಾಡಿದವರಿಗೆ ಮತ್ತೆ ತಣ್ಣೀರು. ವಿವೇಕವುಳ್ಳ ಮನೆಗಳಲ್ಲಿ ಮೊದಲ ತಣ್ಣೀರು ಒಂದು ಬಕೆಟ್ಟಿಗೆ ಬಿದ್ದು ನೆಲ ಒರೆಸಲೋ ಗಿಡಗಳಿಗೋ ಹೋಗುತ್ತದೆ. ಉಳಿದೆಡೆ ಟ್ಯಾಂಕರಿಗೆ ಹಣ ಕೊಟ್ಟು ತರಿಸಿದ ನೀರು ಮೋರಿಯ ಪಾಲಾಗುತ್ತದೆ.

ಮಲೆನಾಡಿನ ಹಳೆಯ ಬಚ್ಚಲುಮನೆಗೆ ಈ ತೊಂದರೆಯೇ ಇರಲಿಲ್ಲ, ಏಕೆಂದರೆ ಅಲ್ಲಿ ಒಲೆ, ಹಂಡೆ ಮತ್ತು ಸ್ನಾನ ಮಾಡುವ ಮನುಷ್ಯ ಒಂದೇ ಕೋಣೆಯೊಳಗಿದ್ದರು. ಅಡಿಕೆಸಿಪ್ಪೆಯನ್ನೋ ತೆಂಗಿನ ಮಟ್ಟೆಯನ್ನೋ ಒಲೆಗೆ ತುರುಕಿದರೆ ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ಬಿಸಿನೀರು ಸಾಗಬೇಕಾದ ದೂರ ಒಂದು ಚೊಂಬಿನ ದೂರವಷ್ಟೆ. ತೋಡಿಕೊಂಡ ಬಿಸಿನೀರಿಗೆ ತಣ್ಣೀರು ಬೆರೆಸಿ, ಬೆರಳದ್ದಿ ಹದ ನೋಡಿಕೊಂಡರೆ ಮುಗಿಯಿತು, ಬಿಸಿನೀರು ತಣ್ಣೀರುಗಳನ್ನು ಬೆರೆಸಿ ಕೊಡುವ ಮಿಕ್ಸರ್ ಕೊಳಾಯಿಯ ಹಿಡಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ನಿಲ್ಲುವ ಗೋಜಿರಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದಂದು ಆ ಹಂಡೆಯನ್ನು ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ ಪೂಜಿಸುತ್ತಿದ್ದುದರಲ್ಲಿ ನ್ಯಾಯವಿತ್ತು. ಹಾಗೆಂದು ನಾವು ಆ ಕಾಲಕ್ಕೆ ಹಿಂತಿರುಗಬೇಕೆಂದು ನಾನೇನೂ ವಾದಿಸುವುದಿಲ್ಲ. ಆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಊದುಕೊಳವೆ ಊದಿದವರು ಯಾರೂ ಅಂಥ ಮಾತಾಡಲಾರರು. ಬಕೆಟ್ಟಿನ ಸ್ನಾನಕ್ಕೆ ಒಮ್ಮೆ ಹದವಾದರೆ ಸಾಕಾಗಿತ್ತು. ಶವರಿಗೆ ಹತ್ತು ನಿಮಿಷವೂ ಅದೇ ಹದ, ಅದೇ ರಭಸ ಬೇಕು.

ರಭಸದ ವಿಷಯಕ್ಕೆ ಬಂದರೆ, ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಮೇಲಂತಸ್ತಿನ ಶವರಿಗೂ ಟ್ಯಾಂಕಿಗೂ ನಡುವೆ ಇರುವುದು ಮೂರೇ ಮೀಟರ್ ಆದ್ದರಿಂದ, ಬಿಸಿನೀರು ಬೇಗ ಬರುವ ಆ ಬಚ್ಚಲಿನಲ್ಲಿಯೇ ಅದು ಸೊರಗಿ ಬರುತ್ತದೆ. ಇದಕ್ಕೆಂದು ಕೆಲವರು ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಕೂರಿಸುತ್ತಾರೆ. ತೊಂದರೆ ಇಮ್ಮಡಿಯಾಗುವುದು ಇಲ್ಲಿಂದ. ಯಾರೋ ಮಿಕ್ಸರಿನ ಹಿಡಿಯನ್ನು ನಡುವೆ ನಿಲ್ಲಿಸಿ, ಮುಂದಿನ ಕೈಶವರನ್ನಷ್ಟೇ ಮುಚ್ಚಿ ಹೋದರೆ, ಹೆಚ್ಚು ಒತ್ತಡದ ತಣ್ಣೀರು ಆ ಮಿಕ್ಸರಿನ ಒಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ, ಹಿಮ್ಮುಖವಾಗಿ ಏರುತ್ತದೆ. ಆಗ ಮನೆಯ ಯಾವ ಕೊಳಾಯಿಯಲ್ಲೂ ಬಿಸಿನೀರಿಲ್ಲ, ಅಪವಾದ ಮಾತ್ರ ಮತ್ತೆ ಸೋಲಾರಿಗೆ. ಪರೀಕ್ಷೆ ಸುಲಭ: ಸೋಲಾರ್ ಟ್ಯಾಂಕಿನಿಂದ ಹೊರಬರುವ ವಾಲ್ವನ್ನು ಮುಚ್ಚಿ ಬಿಸಿನೀರಿನ ಕೊಳಾಯಿಯನ್ನು ತೆರೆದಾಗ ಪೈಪಿನಲ್ಲಿರುವಷ್ಟು ನೀರು ಬಂದು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರ್ ಒಳಗೊಳಗೆ ಕಳ್ಳದಾರಿ ತೆರೆದಿದೆಯೆಂದು ಅರ್ಥ. ಬಿಸಿನೀರಿನ ಲೈನಿನಲ್ಲಿ ಮಿಕ್ಸರಿಗಿಂತ ಮೊದಲು, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿದರೆ ಈ ಹಿಮ್ಮುಖ ಹರಿವು ನಿಲ್ಲುತ್ತದೆ. ಬಿಸಿ ಮತ್ತು ತಣ್ಣೀರು ಎರಡಕ್ಕೂ ಒಂದೇ ಓವರ್‌ಹೆಡ್ ಟ್ಯಾಂಕಿನ ಒತ್ತಡ ಸಿಗುವಂತೆ ಮಾಡುವುದು ಇನ್ನೂ ಮೇಲು.

ಈ ಪರೀಕ್ಷೆ ಮಾಡಿದವರ ಮನೆಯ ಪೈಪಿನೊಳಗೆ ಗಾಳಿ ಸೇರಿಕೊಂಡು, ಮರುದಿನ ಪ್ಲಂಬರ್ ಬಂದು ‘ಏರ್ ಲಾಕ್ ಆಗಿದೆ ಸಾರ್’ ಎನ್ನುವುದೂ ಉಂಟು. ಅವನ ವೃತ್ತಿಯಲ್ಲಿ ಆ ಮಾತಿಗೆ ವೈದ್ಯರ ‘ವೈರಲ್’ ಎಂಬ ಮಾತಿನಷ್ಟೇ ವ್ಯಾಪ್ತಿಯಿದ್ದರೂ ಚಿಕಿತ್ಸೆ ಮಾತ್ರ ನೋಡುವಂಥದ್ದು. ಒಂದು ಗೇಣು ರಬ್ಬರ್ ಪೈಪಿನಿಂದ ತಣ್ಣೀರಿನ ಕೊಳಾಯಿಯ ಬಾಯನ್ನು ಬಿಸಿನೀರಿನ ಕೊಳಾಯಿಯ ಬಾಯಿಗೆ ಜೋಡಿಸಿ, ಎರಡನ್ನೂ ತೆರೆದು, ಒತ್ತಡದ ತಣ್ಣೀರು ಗಾಳಿಯ ಗುಳ್ಳೆಯನ್ನು ಮೇಲಕ್ಕೆ ತಳ್ಳುವ ತನಕ ಅವನು ಗೋಡೆಗೆ ಕಿವಿಗೊಟ್ಟು ನಿಂತಿರುತ್ತಾನೆ. ಒಳಗೆ ಗೊಳಗೊಳ ಸದ್ದಾಗಿ ತಾರಸಿಯ ಗಾಳಿಕೊಳವೆ ಒಮ್ಮೆ ತೇಗಿದರೆ ಕೆಲಸ ಮುಗಿದಂತೆ. ಇಳಿಯಬೇಕಾದ ಪೈಪು ನಡುವೆ ಒಂದು ಕಡೆ ಗೂನು ಬಿದ್ದು ಮೇಲೆದ್ದಿದ್ದರೆ ಗಾಳಿ ಅಲ್ಲಿ ಮತ್ತೆ ಮತ್ತೆ ಮನೆಮಾಡುತ್ತದೆ. ಅದನ್ನು ನೇರ ಮಾಡಿಸದೆ ಪ್ಲಂಬರನನ್ನು ಪದೇ ಪದೇ ಕರೆಸುವುದರಲ್ಲಿ ಅರ್ಥವಿಲ್ಲ.

ಕಟ್ಟಿ ಮುಗಿದ ಮನೆಗೆ ನನಗೆ ಹೆಚ್ಚು ಒಪ್ಪಿಗೆಯಾದ ಉಪಾಯವೆಂದರೆ, ದೂರದ ಬಚ್ಚಲಿನಲ್ಲಿ 15 ಲೀಟರಿನ ಒಂದು ಗೀಸರನ್ನಿಟ್ಟು ಅದರ ಬಾಯಿಗೆ ಸೋಲಾರಿನ ಪೈಪನ್ನು ಕೊಡುವುದು. 2 ಕಿಲೋವ್ಯಾಟಿನ ಗೀಸರು ತಣ್ಣೀರನ್ನು 60 ಡಿಗ್ರಿಗೆ ಏರಿಸಲು ಇಪ್ಪತ್ತು ನಿಮಿಷ ಸಾಕು. ಅದರೊಳಗಿನ ನೀರು ಮೊದಲು ಶವರಿಗೆ ಬರುತ್ತಿರುವಾಗ ಪೈಪಿನ ತಣ್ಣೀರು ಗೀಸರಿನೊಳಕ್ಕೆ ಸೇರಿ, ಅದರ ಬೆನ್ನಿಗೆ ತಾರಸಿಯ ಬಿಸಿನೀರು ತಲುಪುತ್ತದೆ. ಸ್ನಾನ ಮಾಡುವವನಿಗೆ ತಣ್ಣೀರಿನ ಸುಳಿವೂ ಸಿಗದು, ಹನಿ ನೀರೂ ಪೋಲಾಗದು. ಇದರ ಬದಲು ಅಂಗಡಿಯವರು ಹೊಗಳುವ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರು 20 ಡಿಗ್ರಿಯಷ್ಟು ಬಿಸಿ ಏರಿಸಬೇಕಾದಾಗ ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ನೀರು ಕೊಟ್ಟೀತು. ಅದು ಬಕೆಟ್ಟಿಗೆ ಸರಿ, ಆರೇಳು ಲೀಟರ್ ಬೇಡುವ ಶವರಿಗೆ ಸಾಲದು. ಆಷಾಢ ಶ್ರಾವಣಗಳ ಮೋಡದ ದಿನಗಳಿಗೂ ಈ ಚಿಕ್ಕ ಗೀಸರೇ ಲೇಸು. ತಾರಸಿಯ 200 ಲೀಟರ್ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲನ್ನು ಹಾಕಿದರೆ, ಒಬ್ಬರ ಸ್ನಾನಕ್ಕಾಗಿ ಇಡೀ ಟ್ಯಾಂಕನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಕಾಯಿಸಿದಂತಾಗುತ್ತದೆ.

ಪೈಪಿಗೆ ಕರಿಯ ಫೋಮಿನ ತೋಳು ತೊಡಿಸುವುದು ಅಗ್ಗದ ಸುಧಾರಣೆ. ಎರಡು ಸ್ನಾನಗಳ ನಡುವಿನ ಬಿಸಿಯನ್ನು ಅದು ಕಾಯುತ್ತದೆ; ರಾತ್ರಿಯಿಡೀ ನಿಂತ ನೀರನ್ನು ಕಾಯಲಾರದು. ತಾರಸಿಯ ಮೇಲಿನ ಭಾಗ ಬಿಸಿಲಿಗೆ ಪುಡಿಯಾಗಿ ಉದುರುವುದರಿಂದ ಅದರ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಬೇಕು, ಇಲ್ಲವಾದರೆ ಅರ್ಧ ಬಿಸಿಲೂ ಉಳಿದರ್ಧ ಅಳಿಲೂ ಕೊಂಡೊಯ್ಯುತ್ತವೆ.

ಇನ್ನೂ ಮನೆ ಕಟ್ಟಿಸುತ್ತಿರುವವರಿಗೆ ಇಷ್ಟೆಲ್ಲ ಕಷ್ಟವಿಲ್ಲ. ಬಚ್ಚಲುಗಳನ್ನು ಒಂದರ ಕೆಳಗೊಂದು ಬರುವಂತೆ ಕಟ್ಟಿಸಿ, ಅವುಗಳ ನೆತ್ತಿಯ ಮೇಲೆಯೇ ಸೋಲಾರ್ ಟ್ಯಾಂಕನ್ನು ಕೂರಿಸಿದರೆ ಪೈಪು ನೆಟ್ಟಗೆ ಇಳಿದು ಹತ್ತು ಮೀಟರಿನೊಳಗೆ ಕೆಲಸ ಮುಗಿಯುತ್ತದೆ. ಹಾಗೆ ಆಗದಿದ್ದಲ್ಲಿ, ಕೊನೆಯ ಬಚ್ಚಲಿನಿಂದ ಟ್ಯಾಂಕಿಗೆ ಮರಳುವ ಇನ್ನೊಂದು ಸಣ್ಣ ಪೈಪನ್ನೂ ಒಂದು ಪುಟ್ಟ ಪಂಪನ್ನೂ ಇರಿಸಿದರೆ, ಸ್ನಾನಕ್ಕೆ ಮೊದಲು ಗುಂಡಿ ಒತ್ತಿದಾಗ ತಣ್ಣೀರು ಮೋರಿಗೆ ಹೋಗದೆ ಟ್ಯಾಂಕಿಗೇ ಹಿಂತಿರುಗುತ್ತದೆ. ಆದರೆ ನಮ್ಮಲ್ಲಿ ಬಚ್ಚಲಿನ ಜಾಗವನ್ನು ವಾಸ್ತುವಿನವರು ನಿರ್ಧರಿಸುತ್ತಾರೆ, ಸೋಲಾರಿನ ಜಾಗವನ್ನು ಪಕ್ಕದ ಮನೆಯ ಐದನೆಯ ಅಂತಸ್ತಿನ ನೆರಳು ನಿರ್ಧರಿಸುತ್ತದೆ, ಪ್ಲಂಬರನನ್ನು ಕರೆಯುವುದು ಗಾರೆ ಒಣಗಿದ ಮೇಲೆ. ಮರಳುವ ಪೈಪಿನ ಮಾತನ್ನು ಆಗ ಅವನು ಎತ್ತಿದರೂ, ಟೈಲ್ಸಿನ ಬಿಲ್ಲನ್ನು ಕೈಯಲ್ಲಿ ಹಿಡಿದು ನಿಂತ ಯಜಮಾನ ಗೋಡೆ ಒಡೆಯಲು ಒಪ್ಪುವುದಿಲ್ಲ.