ಅಪೊಲೊ ಬರಲಿಲ್ಲ, ಆದರೂ ಜ್ಯೋತಿ ಹತ್ತಿತು

2024ರ ಏಪ್ರಿಲ್ 16. ಗ್ರೀಸಿನ ಒಲಿಂಪಿಯಾದಲ್ಲಿ ಪ್ಯಾರಿಸ್ ಒಲಿಂಪಿಕ್ ಕೂಟದ ಜ್ಯೋತಿ ಹೊತ್ತಿಸುವ ಸಮಾರಂಭ. ಹೇರಾ ದೇವಿಯ ಪಾಳುಗುಡಿಯ ಮುಂದೆ ನಿರಿಗೆಯ ನಿಲುವಂಗಿ ತೊಟ್ಟ ಅರ್ಚಕಿಯರು ಸಾಲಾಗಿ ನಿಂತಿದ್ದರು. ಪ್ರಧಾನ ಅರ್ಚಕಿ ಸೂರ್ಯದೇವನೆಂದು ಅಪೊಲೊನನ್ನು ಕರೆಯಬೇಕು, ಅವನು ಕಿರಣ ಕಳಿಸಬೇಕು, ಒಳಬಾಗಿದ ಕನ್ನಡಿ ಆ ಕಿರಣಗಳನ್ನು ಒಂದೆಡೆ ಕೂಡಿಸಬೇಕು, ಪಂಜು ಭಗ್ಗನೆ ಹತ್ತಬೇಕು. ಇದು ಕ್ರಮ. ಅವತ್ತು ಆಕಾಶದ ತುಂಬ ಮೋಡ. ಅರ್ಚಕಿ ಕನ್ನಡಿಯ ತಂಟೆಗೇ ಹೋಗಲಿಲ್ಲ. ಹಳೆಯ ಗ್ರೀಕ್ ಮಡಕೆಯ ನಕಲೊಂದರಲ್ಲಿ, ಹಿಂದಿನ ದಿನದ ತಾಲೀಮಿನಲ್ಲಿ ಹೊತ್ತಿಸಿ ಕಾಪಿಟ್ಟ ಬೆಂಕಿ ತಯಾರಿತ್ತು. ಪಂಜನ್ನು ಅದಕ್ಕೆ ಹಿಡಿದರು, ಹತ್ತಿತು, ಚಪ್ಪಾಳೆ ಬಿತ್ತು. ಕೆಲವೇ ನಿಮಿಷಕ್ಕೆ ಮೋಡ ಸರಿದು ಬಿಸಿಲು ಬಂತು. ಪಾಪ, ಅಪೊಲೊ ಹೊರಟದ್ದೇನೋ ಹೊರಟಿದ್ದ. ಅವನು ತಲುಪುವಷ್ಟರಲ್ಲಿ ಅವನ ಹೆಸರಿನ ಕೆಲಸ ಮುಗಿದು ಹೋಗಿತ್ತು.

ಇದು ಮೊದಲ ಸಲವೂ ಅಲ್ಲ. 2000ದ ಸಿಡ್ನಿ ಕೂಟಕ್ಕೂ ಮೋಡ ಕವಿದು, ತಾಲೀಮಿನ ಬೆಂಕಿಯೇ ಗತಿಯಾಗಿತ್ತು. 2025ರ ನವೆಂಬರಿನಲ್ಲಿ ಮಿಲಾನೊ-ಕೊರ್ಟಿನಾ ಚಳಿಗಾಲದ ಕೂಟದ ಸರದಿ ಬಂದಾಗ, ಮಳೆ ಬಂದೀತು ಎಂಬ ಮುನ್ಸೂಚನೆ ಕೇಳಿಯೇ ಇಡೀ ಸಮಾರಂಭವನ್ನು ಎತ್ತಿಕೊಂಡು ಹೋಗಿ ಮ್ಯೂಸಿಯಮ್ಮಿನ ಒಳಗೆ ಮಾಡಿದರು. ಸೂರನ್ನು ತಲೆಯ ಮೇಲಿಟ್ಟುಕೊಂಡು ಸೂರ್ಯನ ಪ್ರಾರ್ಥನೆ! ಹವಾಮಾನ ವರದಿಯನ್ನು ನಂಬಬೇಕೋ ಅಪೊಲೊನನ್ನು ನಂಬಬೇಕೋ ಎಂಬ ಪ್ರಶ್ನೆ ಎದ್ದಾಗ ಸಂಘಟಕರು ಹಿಂದೆಮುಂದೆ ನೋಡಿದ್ದೇ ಇಲ್ಲ.

ನನ್ನನ್ನು ಕೇಳಿದರೆ ಅವನು ಬರದಿರುವುದೇ ಸರಿ. ಕರೆಯುವ ಜಾಗ ಯಾವುದು ನೋಡಿ. ಹೇರಾ ದೇವತೆಗಳ ರಾಜ ಜೀಯಸ್‌ನ ಪಟ್ಟದ ರಾಣಿ. ಅಪೊಲೊ ಜೀಯಸ್‌ನ ಮಗನೇ ಹೌದು, ಆದರೆ ಸವತಿ ಲೀಟೊಳ ಹೊಟ್ಟೆಯಲ್ಲಿ ಹುಟ್ಟಿದವನು. ಲೀಟೊ ಬಸುರಿ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹೇರಾ ರುದ್ರಕಾಳಿಯಾದಳು. ಅವಳ ಭಯಕ್ಕೆ ಯಾವ ನಾಡೂ ಬಸುರಿಗೆ ಜಾಗ ಕೊಡಲಿಲ್ಲ. ಕೊನೆಗೆ ಡೆಲೋಸ್ ಎಂಬ ಬರಡು ನಡುಗಡ್ಡೆ ಧೈರ್ಯ ಮಾಡಿತು. ಅಲ್ಲಿಗೂ ಮುಗಿಯಲಿಲ್ಲ. ಹೆರಿಗೆಯ ದೇವತೆಗೆ ಸುದ್ದಿಯೇ ಮುಟ್ಟದಂತೆ ಹೇರಾ ನೋಡಿಕೊಂಡದ್ದರಿಂದ ಲೀಟೊ ಒಂಬತ್ತು ಹಗಲು ಒಂಬತ್ತು ರಾತ್ರಿ ನೋವು ತಿಂದಳು. ಹಾಗೆ ಹುಟ್ಟಿದ ಮಗನನ್ನು ಈಗ ಅದೇ ದೊಡ್ಡಮ್ಮನ ಅಂಗಳಕ್ಕೆ ಕರೆದು, ಬಾರಪ್ಪ, ದೀಪ ಹಚ್ಚಿ ಹೋಗು ಎಂದರೆ ಯಾವ ಮುಖ ಇಟ್ಟುಕೊಂಡು ಬಂದಾನು? ಮೇಲಾಗಿ ಮೋಡದ ಖಾತೆ ಇರುವುದು ಜೀಯಸ್‌ನ ಕೈಯಲ್ಲಿ. ಹೋಮರನ ಕಾವ್ಯದಲ್ಲಿ ಅವನ ಬಿರುದೇ ಮೋಡಗಳನ್ನು ಕೂಡಿಸುವವನು ಎಂದು. ಇನ್ನು ಸೂರ್ಯನ ಖಾತೆಯಾದರೂ ಅಪೊಲೊನದ್ದೇ ಎಂದರೆ, ಅದೂ ಮೂಲತಃ ಹೀಲಿಯೊಸ್ ಎಂಬ ಇನ್ನೊಬ್ಬ ದೇವರದ್ದು. ಅಪೊಲೊಗೆ ಅದು ಬಹಳ ಕಾಲದ ಮೇಲೆ ಹೆಚ್ಚುವರಿ ಹೊಣೆಯಾಗಿ ಬಂದದ್ದು. ಖಾತೆ ಯಾರದ್ದು, ಅರ್ಜಿ ಯಾರಿಗೆ, ಕಚೇರಿ ಯಾರ ಮನೆಯಲ್ಲಿ ಎಂಬುದನ್ನೇ ವಿಚಾರಿಸದೆ ಅರ್ಜಿ ಹಾಕಿದರೆ ಕೆಲಸ ಆಗುವುದುಂಟೇ.

ಅರ್ಚಕಿಯರ ಮಾತಿಗೆ ಬರೋಣ. ಅವರು ಅರ್ಚಕಿಯರಲ್ಲ, ನಟಿಯರು ಮತ್ತು ನರ್ತಕಿಯರು. ಅದರಲ್ಲಿ ತಪ್ಪೇನಿಲ್ಲ, ಪಾತ್ರವನ್ನು ಚೆನ್ನಾಗಿಯೇ ಮಾಡುತ್ತಾರೆ. ತಮಾಷೆ ಇರುವುದು ಇದನ್ನು ‘ಪುರಾತನ ಪರಂಪರೆ’ ಎಂದು ಜಗತ್ತಿಗೆಲ್ಲ ನೇರಪ್ರಸಾರ ಮಾಡುವುದರಲ್ಲಿ. ಪುರಾತನ ಒಲಿಂಪಿಯಾದಲ್ಲಿ ಕೂಟದ ದಿನಗಳಲ್ಲಿ ಮದುವೆಯಾದ ಹೆಂಗಸು ಅತ್ತ ಸುಳಿಯುವಂತಿರಲಿಲ್ಲ. ಸಿಕ್ಕಿಬಿದ್ದರೆ ಟೈಪಿಯಮ್ ಎಂಬ ಕಡಿದಾದ ಬೆಟ್ಟದಿಂದ ಕೆಳಗೆ ತಳ್ಳಬೇಕೆಂಬ ಕಾಯಿದೆ ಇತ್ತೆಂದು ಕ್ರಿ.ಶ. ಎರಡನೇ ಶತಮಾನದಲ್ಲಿ ಊರೂರು ಸುತ್ತಿದ ಪಾಸೇನಿಯಸ್ ಬರೆದಿಟ್ಟಿದ್ದಾನೆ. ವಿನಾಯಿತಿ ಇದ್ದದ್ದು ಡಿಮೀಟರ್ ದೇವಿಯ ಅರ್ಚಕಿಗೆ ಮಾತ್ರ. ಕೂಟದ ನಡುಮಧ್ಯದ ದಿನ ಜೀಯಸ್‌ಗೆ ನೂರು ಎತ್ತುಗಳ ಬಲಿ. ಆ ಬಲಿಗಳ ಬೂದಿಯೇ ಪೇರಿಸಿ ಪೇರಿಸಿ 22 ಅಡಿ ಎತ್ತರದ ಬಲಿಪೀಠವಾಗಿತ್ತು. ರಕ್ತ, ಹೊಗೆ, ಕೊಬ್ಬಿನ ವಾಸನೆ, ನೊಣ. ನೊಣ ಎಷ್ಟಿತ್ತೆಂದರೆ, ನೊಣ ಓಡಿಸುವ ಜೀಯಸ್ ಎಂದೇ ಅವನಿಗೆ ಅಲ್ಲಿ ಬೇರೆ ಪೂಜೆ ಇತ್ತು. ಇದು ಪರಂಪರೆ. ಇವತ್ತಿನ ಸಮಾರಂಭದಲ್ಲಿ ಕೊಳಲು, ಆಲಿವ್ ಕೊಂಬೆ, ಒಂದು ಬಿಳಿ ಪಾರಿವಾಳ. ಪರಂಪರೆಯ ಹೆಸರು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ತೊಳೆದು ಇಸ್ತ್ರಿ ಮಾಡಿದ್ದಾರೆ.

ಹಾಗಾದರೆ ಈ ಪಂಜಿನ ಓಟ ಎಷ್ಟು ಹಳೆಯದು? 1936ರದ್ದು. ಪ್ರಾಚೀನ ಅಥೆನ್ಸಿನಲ್ಲಿ ಪಂಜು ಹಿಡಿದು ಓಡುವ ಪಂದ್ಯಗಳಿದ್ದವು ನಿಜ, ಆದರೆ ಒಲಿಂಪಿಯಾದ ಕೂಟದಿಂದ ಜ್ಯೋತಿ ಹೊತ್ತು ಊರೂರು ಸುತ್ತಿದ ದಾಖಲೆ ಇಲ್ಲ. ಅದನ್ನು ಹುಟ್ಟುಹಾಕಿದ್ದು ಹಿಟ್ಲರನ ಕಾಲದ ಬರ್ಲಿನ್ ಕೂಟದ ಸಂಘಟಕ ಕಾರ್ಲ್ ಡೀಮ್. ಬಿಸಿಲು ಹಿಡಿದ ಕನ್ನಡಿ ಜರ್ಮನಿಯ ಝೈಸ್ ಕಂಪನಿಯದು. ಪಂಜು ಫಿರಂಗಿಗಳಿಗೆ ಹೆಸರಾದ ಕ್ರುಪ್ ಕಂಪನಿಯದು. ಜುಲೈ 20ರಂದು ಹೊತ್ತಿದ ಜ್ಯೋತಿ ಮೂರು ಸಾವಿರಕ್ಕೂ ಮಿಕ್ಕಿ ಓಟಗಾರರ ಕೈದಾಟಿ ಆಗಸ್ಟ್ 1ಕ್ಕೆ ಬರ್ಲಿನ್ ಸೇರಿತು. ಆಗಸ್ಟ್ 4ಕ್ಕೆ ಗ್ರೀಸಿನಲ್ಲೇ ಮೆಟಾಕ್ಸಸ್ ಎಂಬ ಸ್ವಂತ ಸರ್ವಾಧಿಕಾರಿ ಗದ್ದುಗೆ ಏರಿ ಕೂತ. ಐದು ವರ್ಷ ಕಳೆಯುವಷ್ಟರಲ್ಲಿ ಜರ್ಮನ್ ಸೇನೆ ಅದೇ ದಾರಿಯಲ್ಲಿ, ಉಲ್ಟಾ ದಿಕ್ಕಿನಲ್ಲಿ, ಅಥೆನ್ಸಿಗೆ ಬಂತು. ಪಂಜು ಹೋದ ದಾರಿ ಚೆನ್ನಾಗಿ ಪರಿಚಯವಾಗಿತ್ತಲ್ಲ.

ಈ ಗುಟ್ಟನ್ನು ಮೊದಲು ಬೀದಿಗೆ ತಂದವರು ಯಾವ ಪಂಡಿತರೂ ಅಲ್ಲ, ಸಿಡ್ನಿಯ ಪಡ್ಡೆ ಹುಡುಗರು. 1956ರಲ್ಲಿ ಮೆಲ್ಬರ್ನ್ ಕೂಟಕ್ಕೆ ಹೊರಟ ಜ್ಯೋತಿ ಸಿಡ್ನಿ ದಾಟಬೇಕಿತ್ತು. ನಾಜಿಗಳು ಹುಟ್ಟಿಸಿದ ಪದ್ಧತಿಗೆ ಇಷ್ಟೆಲ್ಲ ಭಯಭಕ್ತಿ ಯಾಕೆ ಎಂದು ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ತಮ್ಮದೇ ಒಂದು ಪಂಜು ತಯಾರಿಸಿದರು. ಒಂದು ಕುರ್ಚಿಯ ಕಾಲು, ಅದಕ್ಕೆ ಬೆಳ್ಳಿ ಬಣ್ಣ. ಮೇಲೆ ಪ್ಲಮ್ ಪುಡಿಂಗಿನ ಖಾಲಿ ಡಬ್ಬಿ. ಡಬ್ಬಿಯೊಳಗೆ ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಒಳಚಡ್ಡಿ. ಅಸಲಿ ಪಂಜು ಬರುವ ಮುಂಚೆಯೇ ಇದನ್ನು ಹಚ್ಚಿಕೊಂಡು ಓಡಿದರು. ದಾರಿಯಲ್ಲಿ ಚಡ್ಡಿ ಕೆಳಗೆ ಬಿತ್ತು, ಎತ್ತಿ ಮತ್ತೆ ಡಬ್ಬಿಗೆ ತುರುಕಿ ಓಟ ಮುಂದುವರಿಯಿತು. ಇಕ್ಕೆಲದಲ್ಲಿ ಸಾವಿರಾರು ಜನರ ಜಯಕಾರ, ಪೊಲೀಸರ ಬೆಂಗಾವಲು. ಟೌನ್‌ಹಾಲಿನ ಮೆಟ್ಟಿಲ ಮೇಲೆ ಮೇಯರ್ ಪ್ಯಾಟ್ ಹಿಲ್ಸ್ ಅದನ್ನು ಗೌರವದಿಂದ ಸ್ವೀಕರಿಸಿ ಭಾಷಣಕ್ಕೆ ನಿಂತೇಬಿಟ್ಟರು. ಯಾರೋ ಬಂದು ಕಿವಿಯಲ್ಲಿ ವಿಷಯ ಉಸುರಿದಾಗ ತಂದುಕೊಟ್ಟ ಹುಡುಗ ಜನರ ನಡುವೆ ಕರಗಿಹೋಗಿದ್ದ. ಅಷ್ಟು ಹೊತ್ತು ಸಿಡ್ನಿ ನಗರ ಕೈ ಮುಗಿದದ್ದು ಉರಿಯುವ ಚಡ್ಡಿಗೆ. ಭಕ್ತಿಯಲ್ಲಿ ಮಾತ್ರ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ.

ಮಾಂಟ್ರಿಯಲ್ಲಿನವರು 1976ರಲ್ಲಿ ವಿಜ್ಞಾನವನ್ನೇ ಹಿಡಿದರು. ಅಥೆನ್ಸಿನಲ್ಲಿ ಜ್ಯೋತಿಯನ್ನು ವಿದ್ಯುತ್ ಸಂಕೇತವಾಗಿಸಿ, ಉಪಗ್ರಹದ ಮೂಲಕ ಒಟ್ಟಾವಕ್ಕೆ ಹಾರಿಸಿ, ಅಲ್ಲಿ ಲೇಸರ್ ಕಿರಣದಿಂದ ಮತ್ತೆ ಬೆಂಕಿ ಮಾಡಿದರು. ಅಪೊಲೊನೂ ಬೆಚ್ಚಿಬೀಳಬೇಕು. ಕೂಟ ಶುರುವಾದ ಕೆಲವು ದಿನಕ್ಕೆ ಒಂದು ಜೋರು ಮಳೆ ಬಂದು ಜ್ಯೋತಿ ನಂದಿಹೋಯಿತು. ಅಲ್ಲಿದ್ದ ಕೆಲಸಗಾರ ಜೇಬಿನಿಂದ ಸಿಗರೇಟು ಲೈಟರ್ ತೆಗೆದು ಹಚ್ಚಿಬಿಟ್ಟ. ಗಾಬರಿಗೊಂಡ ಅಧಿಕಾರಿಗಳು ಆ ‘ಮೈಲಿಗೆ’ ಬೆಂಕಿ ಆರಿಸಿ, ಕಾಪಿಟ್ಟಿದ್ದ ಮೂಲ ಬೆಂಕಿಯಿಂದ ಮತ್ತೆ ಹಚ್ಚಿದರು. ದೇವರಿಂದ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟ ಪ್ರೊಮಿಥಿಯಸ್‌ನ ಯಕೃತ್ತನ್ನು ಹದ್ದು ದಿನಾ ಕುಕ್ಕಿ ತಿನ್ನುತ್ತಿತ್ತು. ಮನುಷ್ಯರ ಬೆಂಕಿಯನ್ನು ದೇವರ ಲೆಕ್ಕಕ್ಕೆ ಸೇರಿಸಹೋದ ಈ ಪುಣ್ಯಾತ್ಮನಿಗೆ ಯಾವ ಹಕ್ಕಿಯೂ ಬರಲಿಲ್ಲ. 1984ರಲ್ಲಿ ಲಾಸ್ ಏಂಜಲೀಸಿನವರು ಓಟದ ಒಂದೊಂದು ಕಿಲೋಮೀಟರನ್ನು 3000 ಡಾಲರಿನಂತೆ ಮಾರಿದಾಗ ಗ್ರೀಕರು ಕೆಂಡವಾದರು, ಪವಿತ್ರ ಜ್ಯೋತಿ ಮಾರಾಟಕ್ಕಿಲ್ಲ ಎಂದು ರಂಪ ಮಾಡಿದರು. ಗ್ರೀಸಿನೊಳಗಿನ ಓಟವೇ ರದ್ದಾಯಿತು. ಆಮೇಲಿನ ವರ್ಷಗಳಲ್ಲಿ ಅದೇ ಜ್ಯೋತಿಯ ಹಿಂದೆಮುಂದೆ ಕೋಕಾಕೋಲಾ ವಾಹನಗಳು ಓಡಿದವು. ಯಾರಿಗೂ ಮೈಲಿಗೆಯಾಗಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಈ ದೇವರುಗಳನ್ನು ನಿಜವಾಗಿ ನಂಬುವ ಜನ ಗ್ರೀಸಿನಲ್ಲಿ ಇದ್ದಾರೆ ಎಂಬುದೇ ತೊಡಕು. ಸಣ್ಣ ಗುಂಪು, ಆದರೆ ಮನಃಪೂರ್ವಕವಾಗಿ ಜೀಯಸ್‌ಗೆ, ಅಥೀನಾಗೆ ಧೂಪ ಹಾಕುವವರು. 2007ರ ಜನವರಿಯಲ್ಲಿ ಇಂಥ ಇಪ್ಪತ್ತು ಜನ ಅಥೆನ್ಸಿನ ಒಲಿಂಪಿಯನ್ ಜೀಯಸ್ ದೇವಾಲಯದ ಬಳಿ ಪೂಜೆ ಮಾಡುತ್ತೇವೆ ಎಂದರು. ಸಂಸ್ಕೃತಿ ಸಚಿವಾಲಯ ಕೂಡದು ಎಂದಿತು: ಅದು ಸ್ಮಾರಕ, ಅಲ್ಲಿ ಯಾವ ಸಂಘಟಿತ ಚಟುವಟಿಕೆಯೂ ನಡೆಯುವಂತಿಲ್ಲ. ಅವರು ನಿಷೇಧ ಲೆಕ್ಕಿಸದೆ ಕಂಬಗಳ ಪಕ್ಕದಲ್ಲೇ ನಿಂತು ಪ್ರಾರ್ಥಿಸಿದರು, ಪುಣ್ಯಕ್ಕೆ ಯಾರೂ ಬಂದು ತಡೆಯಲಿಲ್ಲ. ಲೋಕಕ್ಕೆ ಶಾಂತಿಯಾಗಲಿ ಎಂಬುದು ಅವರ ಸಂದೇಶವಾಗಿತ್ತು. ಒಲಿಂಪಿಯಾದ ಸಮಾರಂಭದಲ್ಲಿ ನಟಿ ಜೀಯಸ್‌ನನ್ನು ಬೇಡುವುದೂ ಅದನ್ನೇ. ನಂಬಿಕೆಯಿಲ್ಲದೆ ಬೇಡಿದರೆ ಗಣ್ಯರು ಎದ್ದು ನಿಲ್ಲುತ್ತಾರೆ, ನಂಬಿ ಬೇಡಿದರೆ ಸ್ಮಾರಕಕ್ಕೆ ಧಕ್ಕೆಯಾಗುತ್ತದೆ.

ಕಾನೂನನ್ನೂ ನೋಡಬೇಕು. ಪರಿಚಿತವಾದ ಪ್ರತಿಯೊಂದು ಧರ್ಮಕ್ಕೂ ಸ್ವಾತಂತ್ರ್ಯವಿದೆ ಎನ್ನುತ್ತದೆ ಗ್ರೀಸಿನ ಸಂವಿಧಾನ. ಸಂವಿಧಾನ ಆರಂಭವಾಗುವುದೇ ಕ್ರೈಸ್ತರ ಪವಿತ್ರ ತ್ರಿಮೂರ್ತಿಗಳ ಹೆಸರಿನಲ್ಲಿ, ಅದು ಬೇರೆ ಮಾತು. ಅದೇ ಮೆಟಾಕ್ಸಸ್‌ನ ಕಾಲದ ಕಾಯಿದೆಯಂತೆ, ಬೇರೆ ಧರ್ಮದವರು ಪ್ರಾರ್ಥನಾ ಮಂದಿರ ಕಟ್ಟಬೇಕಾದರೆ ಆ ಊರಿನ ಆರ್ಥೊಡಾಕ್ಸ್ ಬಿಷಪ್ಪರ ಅಭಿಪ್ರಾಯ ಕೇಳಬೇಕಿತ್ತು. 2006ರವರೆಗೂ ಅದು ನಡೆಯಿತು. ಹಳೆಯ ದೇವರುಗಳ ಧರ್ಮ ಗ್ರೀಕ್ ಸರ್ಕಾರಕ್ಕೆ ಅಧಿಕೃತವಾಗಿ ‘ಪರಿಚಿತ’ವಾದದ್ದು 2017ರಲ್ಲಿ. ಅಲ್ಲಿಯತನಕ ಕೌಂಟರಿನಲ್ಲಿ ಏನಾಗುತ್ತಿತ್ತೋ ಊಹಿಸಿಕೊಳ್ಳಿ.

“ಹೆಸರು ಹೇಳಿ ಯಜಮಾನರೇ.”

“ಜೀಯಸ್.”

“ತಂದೆಯ ಹೆಸರು?”

“ಕ್ರೋನಸ್. ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದರು, ಅವರ ಸಹಿ ತರುವುದು ಕಷ್ಟ.”

“ವಾಸ?”

“ಒಲಿಂಪಸ್ ಬೆಟ್ಟ.”

“ಅದು ರಾಷ್ಟ್ರೀಯ ಉದ್ಯಾನ ಸ್ವಾಮಿ. ಅಲ್ಲಿ ಖಾಯಂ ವಾಸಕ್ಕೆ ಅವಕಾಶ ಇಲ್ಲ. ಹೋಗಲಿ, ನಿಮ್ಮ ಪರಿಚಯದವರು ಯಾರಾದರೂ ಇದ್ದಾರೆಯೇ?”

“ಈ ಊರಿನ ಅರ್ಧ ಬೀದಿಗಳಿಗೆ ನಮ್ಮ ಮನೆಯವರದ್ದೇ ಹೆಸರು.”

“ಹೆಸರು ಇದ್ದರೆ ಸಾಲದು, ಸದಸ್ಯರು ಬೇಕು. ಧಾರ್ಮಿಕ ಸಂಸ್ಥೆ ನೋಂದಾಯಿಸಲು ಕಡಿಮೆ ಎಂದರೂ 300 ಜನ. 2014ರ ಕಾಯಿದೆ.”

“ನನ್ನ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬಹುದೇ? ಹಾಗಾದರೆ ಇವತ್ತೇ ಮುಗಿಸಿಬಿಡೋಣ.”

ಭಕ್ತರಿಗೆ ಇಷ್ಟು ಬಿಗಿಯಾದ ಸಂಸ್ಕೃತಿ ಸಚಿವಾಲಯ ಬೇರೆಯವರಿಗೂ ಹೀಗೆಯೇ ಇದೆ ಎಂದರೆ, ಒಂದು ಮಟ್ಟಿಗೆ ನಿಜ. 2017ರಲ್ಲಿ ಗೂಚಿ ಕಂಪನಿ ಅಥೆನ್ಸಿನ ಹಳೆಯ ಗುಡಿಗಳ ಬೆಟ್ಟವಾದ ಅಕ್ರೊಪೊಲಿಸ್ ಮೇಲೆ ಫ್ಯಾಷನ್ ಶೋ ಮಾಡುತ್ತೇವೆ ಎಂದಾಗ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಶಹಬ್ಬಾಸ್ ಎನ್ನಬೇಕು. ಆದರೆ 2021ರಲ್ಲಿ ಡಿಯೊರ್‌ನವರು ಬಂದಾಗ ಅಲ್ಲಿಯೇ ಫೋಟೊ ತೆಗೆಯಲು ಅಪ್ಪಣೆ ಸಿಕ್ಕಿತು. ಗುಡಿಯ ಮುಂದೆ ಸೀರೆಯಂಥ ಗೌನು ಉಟ್ಟು ದೇವತೆಯಂತೆ ನಿಲ್ಲಬಹುದು, ದೇವತೆಯನ್ನು ನೆನೆದು ನಿಲ್ಲುವಂತಿಲ್ಲ. 2025ರ ಮೇ ತಿಂಗಳಲ್ಲಂತೂ ಅಥೆನ್ಸಿನ ಆಕಾಶದಲ್ಲಿ ಡ್ರೋನ್‌ಗಳು ಸೇರಿ ಅಡಿಡಾಸ್ ಕಂಪನಿಯ ದೈತ್ಯ ಬೂಟೊಂದನ್ನು ಮೂಡಿಸಿದವು. ನೋಡುವವರಿಗೆ ಅದು ಅಕ್ರೊಪೊಲಿಸ್ ಬೆಟ್ಟವನ್ನು ಒದೆಯುತ್ತಿರುವಂತೆ ಕಂಡು, ಸಚಿವಾಲಯ ಕೋರ್ಟಿನ ಮೆಟ್ಟಿಲು ಹತ್ತಿತು. ಆ ಬೆಟ್ಟದ ಮೇಲೆ ಗೆಲುವಿನ ದೇವತೆ ನೈಕಿಯ ಹೆಸರಿನ ಪುಟ್ಟ ಗುಡಿಯೊಂದಿದೆ. ಪುರಾತತ್ವದವರು ಸ್ಮಾರಕದ ಅವಮಾನ ಎಂದು ತಿಳಿದರು. ನನಗೇನೋ ಅದು ಎರಡು ಚಪ್ಪಲಿ ಅಂಗಡಿಗಳ ಹಳೆಯ ಜಗಳದಂತೆ ಕಂಡಿತು. ಅಂದಹಾಗೆ, ಅಕ್ರೊಪೊಲಿಸ್ ಹತ್ತಿ ನೈಕಿಯ ಗುಡಿಯನ್ನು ಹೊರಗಿನಿಂದ ನೋಡಲು 2025ರ ಏಪ್ರಿಲ್‌ನಿಂದ 30 ಯೂರೊ ಟಿಕೆಟ್ಟು. ಕೈ ಮುಗಿಯುವುದಿದ್ದರೆ ಅದರಲ್ಲಿ ಸೇರಿಲ್ಲ.

ಒಲಿಂಪಿಯಾದ ನಾಟಕಕ್ಕೆ ಪುರಾತನ ಮೂಲಪುರುಷನೊಬ್ಬ ಬೇಕೇ ಬೇಕು ಎಂದಾದರೆ, ಕಾರ್ಲ್ ಡೀಮ್‌ನ ಹೆಸರು ಹೇಳಲು ನಾಚಿಕೆಯಾದರೆ, ನನ್ನದೊಂದು ಸಲಹೆ ಇದೆ: ನೀರೊ ಚಕ್ರವರ್ತಿ. ಅಭಿನಯ, ಗಾಯನಗಳ ಹುಚ್ಚಿದ್ದ ಈ ಮಹಾಶಯನ ಅನುಕೂಲಕ್ಕಾಗಿ ಕ್ರಿ.ಶ. 65ರ ಕೂಟವನ್ನು 67ಕ್ಕೆ ಮುಂದೂಡಿದರು. ಪದ್ಧತಿಯೇ ಇಲ್ಲದಿದ್ದ ಸಂಗೀತ ಸ್ಪರ್ಧೆಯನ್ನು ಅವನಿಗೋಸ್ಕರ ಸೇರಿಸಿದರು. ಹತ್ತು ಕುದುರೆಯ ರಥ ಹೂಡಿಕೊಂಡು ಬಂದ ನೀರೊ ನಡುದಾರಿಯಲ್ಲಿ ಉರುಳಿಬಿದ್ದ. ಎತ್ತಿ ಕೂರಿಸಿದರು. ಆದರೂ ಗುರಿ ಮುಟ್ಟಲಾಗಲಿಲ್ಲ. ಕಿರೀಟ ಮಾತ್ರ ಅವನ ತಲೆಗೇ ಬಂತು. ಅದೇ ಒಲಿಂಪಿಯಾದ ಕ್ರೀಡಾಂಗಣದ ಬಾಗಿಲಲ್ಲಿ, ಲಂಚ ಕೊಟ್ಟು ಗೆದ್ದವರಿಗೆ ಹಾಕಿದ ದಂಡದ ಹಣದಲ್ಲಿ ಎರಕ ಹೊಯ್ದ ಜೀಯಸ್‌ನ ಕಂಚಿನ ವಿಗ್ರಹಗಳು ಸಾಲಾಗಿ ನಿಂತು ಇದನ್ನೆಲ್ಲ ನೋಡುತ್ತಿದ್ದವು. ತೀರ್ಪುಗಾರರಿಗೆ ನೀರೊ ಎರಡೂವರೆ ಲಕ್ಷ ದ್ರಾಖ್ಮಾ ಇನಾಮು ಕೊಟ್ಟ. ಅವನು ಸತ್ತ ಮೇಲೆ ಪಟ್ಟಕ್ಕೆ ಬಂದ ಗಾಲ್ಬಾ, ಆ ದುಡ್ಡು ವಾಪಸು ಕೊಡಿ ಎಂದು ಅವರ ಬೆನ್ನು ಹತ್ತಿದ.