ಎಚ್ಚರಿಕೆಯ ಆಶಾವಾದ, ಜತೆಗೆ ಬಫೆ

ಆರ್ಥಿಕ ಹಿಂಜರಿತ ಯಾವಾಗ ಮುಗಿಯಿತು ಅಂತ ತಿಳಿಯುವುದು ಸುಲಭ. ಮಂಗಳೂರಿನ ಯಾವುದಾದರೂ ಏಸಿ ಹಾಲಿನಲ್ಲಿ ‘ಕರಾವಳಿಯ ಆರ್ಥಿಕ ಮುನ್ನೋಟ’ ಅಂತ ಬ್ಯಾನರ್ ಏರಿತೆಂದರೆ ಮುಗಿಯಿತು ಅಂತ ಲೆಕ್ಕ. ತಜ್ಞರು ಬೆಳಗ್ಗಿನ ವಿಮಾನದಲ್ಲಿ ಬಜ್ಪೆಗೆ ಇಳಿಯುತ್ತಾರೆ, ಸಂಜೆಯದರಲ್ಲಿ ಹೊರಡುತ್ತಾರೆ. ನಡುವೆ ನಮ್ಮ ಭವಿಷ್ಯವೂ ಕಾಣೆ ಮೀನಿನ ಫ್ರೈಯೂ ಮುಗಿದಿರುತ್ತವೆ.

ಕೊರೊನಾ ಕಾಲದ ಹಿಂಜರಿತದ ನಂತರವೂ ಇದೇ ಕಥೆ. ಮೊದಲ ಸ್ಲೈಡಿನಲ್ಲೇ ಬಾಣ ಮೇಲಕ್ಕೆ: 2021ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಶೇ. 20.1 ಬೆಳೆಯಿತು, ದಾಖಲೆ! ಚಪ್ಪಾಳೆ. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಶೇ. 24.4 ಕುಸಿದದ್ದು ಅಡಿಯಲ್ಲಿ, ಭೂತಗನ್ನಡಿಗೆ ಕಾಣುವಷ್ಟು ಅಕ್ಷರದಲ್ಲಿ. ಈ ಲೆಕ್ಕವನ್ನು ಮಲ್ಪೆ ಬಂದರಿನಲ್ಲಿ ಹೇಳಿ ನೋಡಿ. ನೂರು ಬುಟ್ಟಿ ಬಂಗುಡೆ ತರುತ್ತಿದ್ದ ಬೋಟು ಒಂದು ವರ್ಷ 76 ತಂದಿತು, ಮರುವರ್ಷ 91. ದಾಖಲೆ ಅಂದರೆ ಬೋಟು ನಡೆಸುವ ತಾಂಡೇಲ ಕೇಳುವುದು ಒಂದೇ: “ಉಳಿದ ಒಂಬತ್ತು ಯಾರು ತಿಂದದ್ದು ಮಾರಾಯ್ರೆ?”

ಮುಂದಿನ ವರ್ಷದ ವಿಷಯಕ್ಕೆ ಬಂದಾಗ ತಜ್ಞರ ದನಿ ತಗ್ಗುತ್ತದೆ. ಮಳೆ ಸರಿಯಾಗಿ ಆದರೆ, ಕಚ್ಚಾತೈಲ ಏರದಿದ್ದರೆ, ಇನ್ನೊಂದು ಅಲೆ ಬಾರದಿದ್ದರೆ ಚೇತರಿಕೆ ಸಾಧ್ಯ. ಇಷ್ಟೊಂದು ‘ರೆ’ ಇಟ್ಟುಕೊಂಡರೆ ನಮ್ಮ ಜೋಯಿಸರ ಮಾತೂ ಎಂದೂ ಸುಳ್ಳಾಗದು. ಅವರು ಪಾಪ, ಪರಿಹಾರಕ್ಕೆ ಒಂದು ಪೂಜೆಯನ್ನಾದರೂ ಹೇಳುತ್ತಾರೆ.

‘ಮೂಲಸೌಕರ್ಯ ಸಿದ್ಧ’ ಎಂಬ ಸ್ಲೈಡಿಗೆ ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯ ಫೋಟೊ. ಸುಮಾರು ಹತ್ತು ವರ್ಷ ಮುಗಿಯದೆ ಊರಿಡೀ ನಗಿಸಿ 2020ರ ಜನವರಿ 31ಕ್ಕೆ ಉದ್ಘಾಟನೆಯಾಯಿತು. ಎರಡು ತಿಂಗಳೊಳಗೆ ಲಾಕ್‌ಡೌನ್, ಮೇಲೆ ಓಡಲು ಗಾಡಿ ಇಲ್ಲ. ಅಷ್ಟೊಂದು ಅವಸರ ಏನಿತ್ತೋ ಆ ಸೇತುವೆಗೆ! ಅಡಿಕೆಯ ಸ್ಲೈಡ್ ಮಾತ್ರ ಇರಲಿಲ್ಲ. ದೇಶ ತತ್ತರಿಸುವಾಗ ಧಾರಣೆ ಏರುತ್ತಾ ಹೋದದ್ದು ಯಾವ ಮಾದರಿಗೂ ಕೂರಲಿಲ್ಲವೇನೋ.

ಕೊನೆಗೆ ಹೊಗಳಿಕೆ. “ಈ ನೆಲದ ಉಳಿತಾಯ ಸಂಸ್ಕೃತಿ!” ಅದು ಸುಳ್ಳಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್; ಆಮೇಲೆ ಕರ್ಣಾಟಕ, ಸಿಂಡಿಕೇಟ್, ವಿಜಯಾ. 1928ರಲ್ಲಿ ಸಿಂಡಿಕೇಟಿನವರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯ ಪಿಗ್ಮಿ ಕಟ್ಟಿಸಿಕೊಂಡರು. ಐದು ಬ್ಯಾಂಕ್ ಹೆತ್ತ ನೆಲದಲ್ಲಿ ಈಗ ಮೂರು ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ ಬೋರ್ಡು ಇಳಿದಿದೆ: ವಿಜಯಾ 2019ರ ಏಪ್ರಿಲ್ 1ಕ್ಕೆ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರ ಏಪ್ರಿಲ್ 1ಕ್ಕೆ. ಮುಹೂರ್ತ ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು ಅನ್ನಬೇಕು. ಬೋರ್ಡು ಹೋದರೂ ನಾವು ಹಣ ಇಡುವುದು ಬಿಡಲಿಲ್ಲ. ನೂರು ರೂಪಾಯಿ ಠೇವಣಿಗೆ ಊರಲ್ಲೇ ಸಾಲವಾಗಿ ತಿರುಗಿ ಬರುವುದೆಷ್ಟು ಎಂಬುದಕ್ಕೆ ಸಿ.ಡಿ. ಅನುಪಾತ ಅಂತಾರೆ, ಉಡುಪಿ ಜಿಲ್ಲೆಯಲ್ಲಿ ಅದು ಅರ್ಧದ ಆಸುಪಾಸು ತೆವಳುತ್ತಾ ಬಂದದ್ದು. ಮಿಕ್ಕದ್ದು ಘಟ್ಟ ಹತ್ತುತ್ತದೆ. ಘಟ್ಟದ ಮೇಲೆ ಅದರಿಂದ ಕಂಪೆನಿ ಏಳುತ್ತದೆ, ನಮ್ಮ ಮಕ್ಕಳು ಅಲ್ಲಿ ಕೆಲಸಕ್ಕೆ ಸೇರಿ ಸಂಬಳವನ್ನು ಇಲ್ಲಿಯ ಬ್ರಾಂಚಿಗೆ ಕಳಿಸುತ್ತಾರೆ, ಠೇವಣಿ ಮತ್ತೆ ಏರುತ್ತದೆ. ಸ್ಲೈಡಿನಲ್ಲಿ ಇದರ ಹೆಸರು ‘ಪ್ರಾದೇಶಿಕ ಶಕ್ತಿ’.

ಪ್ರಶ್ನೋತ್ತರದಲ್ಲಿ ಒಬ್ಬರು ಬೋಟ್ ಮಾಲಕರು ಎದ್ದರು. “ಸರ್, ನಮಗೆ ಸಾಲ ಯಾಕೆ ಕಮ್ಮಿ?”

“ಒಳ್ಳೆಯ ಪ್ರಶ್ನೆ,” ಅಂದರು ತಜ್ಞರು. “ಕರಾವಳಿಯ ಜನಕ್ಕೆ ಸಾಲ ಕೇಳುವ ಅಭ್ಯಾಸವೇ ಇಲ್ಲ.”

“ಕೇಳಿದ್ದೇನೆ ಸರ್. ಲಾಕ್‌ಡೌನಿಗೆ ಮುಂಚೆ ಅರ್ಜಿ ಕೊಟ್ಟದ್ದು. ಮೊನ್ನೆ ಬ್ಯಾಂಕಿನಿಂದ ಫೋನ್ ಬಂತು.”

“ನೋಡಿ, ಚೇತರಿಕೆ!”

“ಎಫ್‌ಡಿ ಇಡ್ತೀರಾ ಅಂತ ಕೇಳ್ಲಿಕ್ಕೆ ಸರ್.”