ಘೋಷಣೆ ಇನ್ನೂ ಜೋರಾಗಿ ಬರ್ಲಿ ಮಕ್ಳೇ!

ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನದ ಜಾಗೃತಿ ಜಾಥಾ ನಿಮ್ಮೂರಲ್ಲೂ ಆಗಿರುತ್ತೆ ಬಿಡಿ, ಆಗ್ದೇ ಎಲ್ಲಿಗೆ ಹೋಗುತ್ತೆ. ನಾನು ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಗೇಟಿಗೆ ಬಂದ್ರೆ ಬೀದಿ ತುಂಬ ಯೂನಿಫಾರ್ಮು. ಮುಂದೆ ಬ್ಯಾಂಡ್‌ಸೆಟ್ಟು, ಅದರ ಹಿಂದೆ ಬ್ಯಾನರು, ಬ್ಯಾನರಿನ ಹಿಂದೆ ಇನ್ನೂರು ಮುನ್ನೂರು ಮಕ್ಕಳು. ಪಿ.ಟಿ. ಮೇಷ್ಟ್ರು ಸೀಟಿ ಊದಿ "ಅನುಕಂಪ ಬೇಡ" ಅಂತಾರೆ, ಮಕ್ಕಳು "ಅವಕಾಶ ಕೊಡಿ" ಅಂತ ಗಂಟಲು ಹರ್ಕೊಳ್ತವೆ, ಮೇಷ್ಟ್ರಿಗೆ ಸಮಾಧಾನ ಇಲ್ಲ, ಇನ್ನೂ ಜೋರಾಗಿ ಬರ್ಲಿ ಮಕ್ಳೇ ಅಂತ ಮತ್ತೆ ಸೀಟಿ.

ಎದುರುಮನೆ ಗೇಟಿನ ಹಿಂದೆ ವೀಲ್‌ಚೇರಲ್ಲಿ ಕೂತ್ಕೊಂಡು ಆರನೇ ಕ್ಲಾಸಿನ ಹುಡುಗಿ ಇದನ್ನೆಲ್ಲ ನೋಡ್ತಿದ್ಲು. ಅದೇ ಶಾಲೆ, ಅದೇ ಯೂನಿಫಾರ್ಮು, ಎರಡು ಜಡೆಗೂ ಅದೇ ಕೆಂಪು ಟೇಪು.

"ಯಾಕಮ್ಮ, ನೀನು ಹೋಗ್ಲಿಲ್ವಾ?"

"ಮಿಸ್ಸು ಫೋನ್ ಮಾಡಿದ್ರು ಅಂಕಲ್. ಇವತ್ತು ಜಾಥಾ ಇದೆ, ನಿಂಗೆ ಕಷ್ಟ ಆಗುತ್ತೆ, ರಜಾ ತಗೋ ಅಂದ್ರು. ಅಷ್ಟೊತ್ತಿಗೆ ಅಮ್ಮ ಜಡೆ ಹಾಕಿ ಆಗಿತ್ತು."

ಕಾಫಿ ಆರೋಯ್ತು. ಅಲ್ಲ ಸ್ವಾಮಿ, ಎಂಥಾ ಚಂದದ ವ್ಯವಸ್ಥೆ ನೋಡಿ! ವಿಶ್ವಸಂಸ್ಥೆಯೋರು 1992ರಲ್ಲಿ ಈ ದಿನ ಅಂತ ಗೊತ್ತು ಮಾಡಿದಾಗ ಅವರಿಗೂ ಹೊಳೆದಿರಲಿಕ್ಕಿಲ್ಲ. ಮದುವೆಗೆ ಹೆಣ್ಣು ಬಂದ್ರೆ ಮಂಟಪದಲ್ಲಿ ಜಾಗ ಸಾಲಲ್ಲ ಅಂತ ಹೆಣ್ಣನ್ನ ಮನೇಲೇ ಬಿಟ್ಟು ಬಂದಂಗೆ.

ಬ್ಯಾನರ್ ವಿಷ್ಯಕ್ಕೆ ಬರೋಣ. ಒಟ್ಟು ಹನ್ನೊಂದು ಮುಖ, ನಾನು ಎಣಿಸಿದೀನಿ. ಶಾಸಕರು ದೊಡ್ಡದಾಗಿ ಕೈ ಮುಗಿದಿದಾರೆ, ಆಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಅಧ್ಯಕ್ಷರು, ಶುಭ ಕೋರುವವರು, ಶುಭ ಕೋರುವವರ ತಮ್ಮ. ಎಡಗಡೆ ಮೂಲೇಲಿ, ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರ್ ಪಕ್ಕದಲ್ಲಿ, ಹೆಬ್ಬೆಟ್ಟಿನ ಗಾತ್ರದ ಒಂದು ವೀಲ್‌ಚೇರ್ ಚಿತ್ರ. ಹನ್ನೊಂದೂ ಜನ ಚೆನ್ನಾಗಿ ನಡೀತಾರೆ. ಆದ್ರೆ ಒಬ್ರೂ ನಡ್ಕೊಂಡು ಬರ್ಲಿಲ್ಲ, ಕಾರಲ್ಲೇ ಬಂದ್ರು.

ಹೆಸರಿಡೋದ್ರಲ್ಲಿ ಮಾತ್ರ ನಮ್ಮನ್ನ ಯಾರೂ ಮೀರಿಸಕ್ಕಾಗಲ್ಲ. ಹಿಂದೆ ಕುಂಟ, ಕುರುಡ, ಕಿವುಡ ಅಂತಿದ್ವಿ. ಅದು ಒರಟಾಯ್ತು ಅಂತ ಅಂಗವಿಕಲ ಅಂದ್ವಿ. ಅದೂ ಸರಿಹೋಗ್ಲಿಲ್ಲ ಅಂತ ವಿಕಲಚೇತನ ಅಂದ್ವಿ, ಇಲಾಖೆ ಬೋರ್ಡು ಬದಲಾಯ್ತು, ಲೆಟರ್‌ಹೆಡ್ಡು ಬದಲಾಯ್ತು, ಸೀಲು ಬದಲಾಯ್ತು. ಸ್ವಲ್ಪ ಕೂತು ಯೋಚ್ನೆ ಮಾಡಿ, ಅಂಗವಿಕಲ ಅಂದಾಗ ಊನ ಇದ್ದಿದ್ದು ಅಂಗಕ್ಕೆ, ಚೇತನ ಗುಂಡುಕಲ್ಲಿನ ಥರ ಗಟ್ಟಿಯಾಗೇ ಇತ್ತು. ಗೌರವ ಕೊಡ್ತೀವಿ ಅಂತ ಹೋಗಿ ಆ ಊನಾನ ತಗೊಂಡು ನೇರವಾಗಿ ಚೇತನಕ್ಕೇ ಅಂಟಿಸಿ ಬಂದ್ವಿ. ಆಮೇಲೆ 2015ರ ಡಿಸೆಂಬರ್ ಕೊನೇಲಿ ಪ್ರಧಾನಿಗಳು ಮನ್ ಕಿ ಬಾತ್‌ನಲ್ಲಿ ದಿವ್ಯಾಂಗ ಅನ್ನಿ ಅಂದ್ರು, ಮುಂದಿನ ವರ್ಷ ದಿಲ್ಲಿ ಇಲಾಖೆಗೂ ಅದೇ ಹೆಸರು ಬಂತು. ಅಂಗವೈಕಲ್ಯ ಇರೋರೇ ಎಷ್ಟೋ ಜನ ಬೇಡ ಸ್ವಾಮಿ ಈ ದಿವ್ಯ ಗಿವ್ಯ ಅಂದ್ರು, 2019ರಲ್ಲಿ ವಿಶ್ವಸಂಸ್ಥೆಯ ಸಮಿತಿನೂ ಈ ಪದದ ಬಗ್ಗೆ ತಕರಾರು ತೆಗೀತು, ಯಾರು ಕೇಳ್ಬೇಕು. ಅಂಗ ದಿವ್ಯವಾದ್ಮೇಲೆ ರ‍್ಯಾಂಪು ಯಾಕೆ, ದೇವತೆಗಳು ಹೇಗೂ ನೆಲ ಮುಟ್ಟಲ್ಲ ಅಂತಾರಲ್ಲ, ತೇಲ್ಕೊಂಡು ಬರ್ತಾರೆ.

ಇನ್ನು ವಿಶೇಷಚೇತನ. ವಿಶೇಷ ಅಂದ್ರೆ ನಮ್ ಕಡೆ ಏನು ಅಂತ ಗೊತ್ತಲ್ಲ? ವಿಶೇಷ ದರ್ಶನ ಅಂದ್ರೆ ಬೇರೆ ಕ್ಯೂ, ವಿಶೇಷ ಪಂಕ್ತಿ ಅಂದ್ರೆ ಬೇರೆ ಊಟದ ಮನೆ, ವಿಶೇಷ ಮಗು ಅಂದ್ರೆ ಬೇರೆ ಶಾಲೆ. ಮೊದಲೆರಡಕ್ಕೆ ನಾವೇ ದುಡ್ಡು ಕೊಟ್ಟು ಹೋಗ್ತೀವಿ, ಮೂರನೇದಕ್ಕೆ ತಳ್ತೀವಿ, ವ್ಯತ್ಯಾಸ ಅಷ್ಟೇ.

ಡಿಸೆಂಬರ್ 4ರ ಪೇಪರುಗಳನ್ನ ಒಂದ್ಸಲ ಹರಡ್ಕೊಂಡು ನೋಡಿ. ಒಂದು ಪುಟದಲ್ಲಿ ಜಾಥಾ ಫೋಟೋ, ಗೌರವದಿಂದ ಕಾಣಿ ಅಂತ ಗಣ್ಯರ ಕರೆ. ಅದೇ ಪುಟದ ಆಚೆ ಈಚೆ "ಕುಂಟುತ್ತಾ ಸಾಗಿದ ಮೇಲ್ಸೇತುವೆ ಕಾಮಗಾರಿ", "ಅಧಿಕಾರಿಗಳ ಜಾಣಕುರುಡು", "ಜನರ ಕೂಗಿಗೆ ಕಿವುಡಾದ ಪಾಲಿಕೆ" ಇಂಥವೇ ಸಿಗುತ್ತೆ, ಸಂಪಾದಕೀಯ ತೆಗೆದ್ರೆ "ಸರ್ಕಾರದ ಕುಂಟು ನೆಪ". ಕಾಮಗಾರಿ ನಿಲ್ಸಿದೋನು ಕಂಟ್ರಾಕ್ಟರು, ಅವನ ಎರಡು ಕಾಲೂ ಕಂಬದ ಹಾಗಿದೆ, ಬೈಸಿಕೊಳ್ಳೋದು ಮಾತ್ರ ಕುಂಟ. ಫೈಲ್ ನೋಡದೋರ ಕಣ್ಣಿಗೆ ಕನ್ನಡಕನೂ ಬೇಕಾಗಿಲ್ಲ, ಬೈಗಳ ಬೀಳೋದು ಕುರುಡನ ತಲೆ ಮೇಲೆ. ಕಳ್ಳತನ ಯಾರದ್ದೋ, ಕೇಸು ಯಾರ ಮೇಲೋ. ನಾನೇನು ಸಾಚಾ ಅಲ್ಲ ಬಿಡಿ. ಹೋದ ವರ್ಷ ಇದೇ ಕಾಲಂನಲ್ಲಿ ಬಜೆಟ್ಟನ್ನ ಕುಂಟೋ ಕುದುರೆ ಅಂತ ಬರ್ದು, ಏನ್ ಬರ್ದೆ ನಾನು ಅಂತ ಎರಡು ದಿನ ಬೀಗಿದ್ದೆ. ಎದುರುಮನೆಯವರು ಈ ಪೇಪರ್ರೇ ತರಿಸೋದು. ಏನೂ ಅನ್ಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲನೂ ಕೊಟ್ರು.

ಜಾಥಾ ಮುಗಿದ್ಮೇಲೆ ವೇದಿಕೆ ಕಾರ್ಯಕ್ರಮ. ನಾನೂ ಹೋದೆ, ಹೋಗ್ಬಾರದಿತ್ತು. ಮುಖ್ಯ ಅತಿಥಿಗಳ ಭಾಷಣ ನಿಮಗೂ ಬಾಯಿಪಾಠ ಇರುತ್ತೆ, ಹೆಲೆನ್ ಕೆಲರ್, ಸ್ಟೀಫನ್ ಹಾಕಿಂಗ್, ನಮ್ಮವರು ಅಂದ್ರೆ ಗದುಗಿನ ಪುಟ್ಟರಾಜ ಗವಾಯಿಗಳು. ಗವಾಯಿಗಳ ಹೆಸರು ಹೇಳಿದ ತಕ್ಷಣ ಎಲ್ರೂ ಚಪ್ಪಾಳೆ ಹೊಡೀತಾರೆ, ನಾನೂ ಹೊಡೆದೆ, ಅಜ್ಜಾರಿಗೆ ಹೊಡೀದೇ ಇನ್ಯಾರಿಗೆ ಹೊಡೀಬೇಕು. ಆದ್ರೆ ಒಂದು ಮಾತು ಆ ಭಾಷಣದಲ್ಲಿ ಯಾವತ್ತೂ ಬರಲ್ಲ. ಪುಟ್ಟರಾಜರನ್ನ ಪುಟ್ಟರಾಜ ಗವಾಯಿಗಳು ಮಾಡಿದ್ದು ಪಂಚಾಕ್ಷರಿ ಗವಾಯಿಗಳು. ಅವರಿಗೂ ಕಣ್ಣು ಕಾಣ್ತಿರಲಿಲ್ಲ. ಹುಡುಗನ್ನ ಹತ್ರ ಕೂರಿಸ್ಕೊಂಡು, ಹಾರ್ಮೋನಿಯಂ ತಬಲಾ ಎಲ್ಲ ಕೈಗೆ ಕೊಟ್ಟು, ವರ್ಷಗಟ್ಟಲೆ ಕಲಿಸಿದ್ರು, ಅನ್ನ ಹಾಕಿದ್ರು. ಆಮೇಲೆ ಆ ಶಿಷ್ಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೂತು ಅದೇ ಥರ ಬೇರೆ ಮಕ್ಕಳಿಗೆ ಕಲಿಸಿದ್ರು. ಈ ಗುರುಶಿಷ್ಯರು ಯಾವ ಜಾಥಾನೂ ಮಾಡಿದ ನೆನಪಿಲ್ಲ ನಂಗೆ.

ಆಮೇಲೆ ಕ್ರೀಡೆ. ಹಾಸನ ಜಿಲ್ಲೆಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಹೈಜಂಪ್ ಮಾಡಿ ಬೆಳ್ಳಿ ತಂದ್ರು, ಅವರಿಂದಾಗೋದು ನಿಮ್ಮಿಂದ ಯಾಕಾಗಲ್ಲ ಅಂತ ಅತಿಥಿಗಳು ಮೈಕ್ ಕುಟ್ಟಿ ಕುಟ್ಟಿ ಕೇಳಿದ್ರು. ಹೌದಲ್ವಾ. ಎರಡು ಕಾಲೂ ಸರಿಯಿರೋ ಅತಿಥಿಗಳು ಎಷ್ಟು ಅಡಿ ಹಾರ್ತಾರೆ ಅಂತ ಮಾತ್ರ ಯಾರೂ ಕೇಳ್ಲಿಲ್ಲ. ಉಳಿದ ಮಕ್ಕಳು ಸುಮ್ನೆ ಪಾಸಾದ್ರೆ ಸಾಕು, ಇವರು ಮೆಡಲ್ಲು ತಂದ್ರೇ ಲೆಕ್ಕ.

ಒಂದು "ಅನುಭವಾತ್ಮಕ ಚಟುವಟಿಕೆ"ನೂ ಇತ್ತು. ಐದು ಮಕ್ಕಳ ಕಣ್ಣಿಗೆ ಕರ್ಚೀಫ್ ಕಟ್ಟಿ ಹತ್ತು ಹೆಜ್ಜೆ ನಡೆಸಿದ್ರು. ಒಬ್ಬ ಮೈಕ್ ಸ್ಟ್ಯಾಂಡಿಗೆ ಗುದ್ದಿದ, ಒಬ್ಬಳು ಅತಿಥಿಗಳ ತೊಡೆ ಮೇಲೆ ಕೂತ್ಲು, ಸಭೆಯೆಲ್ಲ ನಕ್ಕಿದ್ದೇ ನಕ್ಕಿದ್ದು. ಕರ್ಚೀಫ್ ಬಿಚ್ಚಿ ಏನನ್ಸಿತು ಅಂತ ಕೇಳಿದ್ರೆ "ಪಾಪ ಅನ್ಸಿತು ಸರ್". ಹತ್ತು ನಿಮಿಷ ಮುಂಚೆ ಇದೇ ಬಾಯಿಗಳು ಅನುಕಂಪ ಬೇಡ ಅಂತ ಬೀದಿಲಿ ಕೂಗಿದ್ದು. ಹುಟ್ಟಿದಾಗಿಂದ ಕಣ್ಣು ಕಾಣದೋರು ಕೋಲು ಹಿಡ್ಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ ಹಿಡೀತಾರೆ ಕಣ್ರೀ, ನಮ್ಮ ಕಣ್ಣಿಗೆ ಕರ್ಚೀಫ್ ಕಟ್ಟಿದ್ರೆ ಗೊತ್ತಾಗೋದು ನಮ್ಮ ದಡ್ಡತನ, ಅವರ ಬದುಕಲ್ಲ.

ದಡ್ಡತನ ಅಂದಾಗ ನೆನಪಾಯ್ತು. ಆ ಮೆರವಣಿಗೇಲಿ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದ ಹುಡುಗ ಒಬ್ಬ ಇದಾನೆ, ಅವನಿಗೆ ಅಕ್ಷರ ತಿರುಗಾಮುರುಗಾ ಕಾಣುತ್ತೆ, ಓದು ಅಂದ್ರೆ ಬೆವರ್ತಾನೆ, ಕ್ಲಾಸಲ್ಲಿ ಅವನ ಹೆಸರೇ ದಡ್ಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟೀಲಿ ಒಟ್ಟು 21 ಬಗೆಯ ವೈಕಲ್ಯ ಇದೆ, ಹಳೇ 1995ರ ಕಾಯ್ದೇಲಿ ಏಳೇ ಇದ್ದಿದ್ದು. ಕಲಿಕಾ ನ್ಯೂನತೆನೂ ಅದರಲ್ಲಿದೆ, ಆಟಿಸಂ ಇದೆ, ಹಿಮೋಫಿಲಿಯಾ ಇದೆ. ನಮ್ಮ ಜಾಥಾಗೆ ಗೊತ್ತಿರೋದು ಬ್ಯಾನರಿನ ಮೂಲೇಲಿರೋ ಆ ಒಂದು ಚಕ್ರ.

ಆ ಶಾಲೇಲಿ ರ‍್ಯಾಂಪು ಇಲ್ವಾ ಅಂತ ಕೇಳ್ಬೇಡಿ, ಇದೆ. ಜಗಲಿ ಎರಡಡಿ ಎತ್ತರ. ಒಂದಡಿ ಏರಬೇಕಾದ್ರೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕು ಅನ್ನೋದು ಲೆಕ್ಕ, ಅಂದ್ರೆ ಇಪ್ಪತ್ನಾಲ್ಕು ಅಡಿ. ಕಟ್ಟಿರೋದು ಐದಡಿ. ಅದು ರ‍್ಯಾಂಪಲ್ಲ, ಜಾರುಬಂಡೆ. ಒಂದನೇ ಕ್ಲಾಸಿನ ಮಕ್ಕಳು ಅದರಲ್ಲಿ ಜಾರಿ ಜಾರಿ ಚಡ್ಡಿ ಹರ್ಕೊಳ್ತವೆ, ಹೆಡ್‌ಮೇಷ್ಟ್ರ ಸ್ಕೂಟರ್ ಮಳೆ ಬಂದಾಗ ಅದನ್ನ ಹತ್ತಿ ಜಗಲಿಗೆ ಹೋಗುತ್ತೆ. ಹುಡುಗೀನ ಅವರಪ್ಪ ದಿನಾ ಬೆಳಗ್ಗೆ ಎತ್ಕೊಂಡು ಹೋಗಿ ಬಿಡ್ತಾರೆ. ವೀಲ್‌ಚೇರ್ ಚಿತ್ರ ಬರ್ದಿರೋ ಶೌಚಾಲಯನೂ ಇದೆ, ಬೀಗ ಹಾಕಿದೆ, ಒಳಗೆ ಮುರಿದ ಬೆಂಚು ಮತ್ತೆ ಆಗಸ್ಟ್ ಹದಿನೈದರ ಬಂಟಿಂಗ್ಸು. ಅವಳ ನೀರಿನ ಬಾಟ್ಲು ಬೆಳಗ್ಗೆ ತುಂಬಿದ್ದು ಸಂಜೆ ತುಂಬಿದ ಹಾಗೇ ಮನೆಗೆ ಬರುತ್ತೆ.

ಕೋರ್ಟಿಗೆ ಹೋಗಿ ಅಂತೀರಾ? ಕಣ್ಣು ಕಾಣದ ಒಬ್ಬರು ಸಾರ್ವಜನಿಕ ಜಾಗಗಳು ಎಲ್ಲರಿಗೂ ಎಟುಕ್ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದು 2005ರಲ್ಲಿ. ತೀರ್ಪು ಬಂದಿದ್ದು 2017ರಲ್ಲಿ. ಕೆಲಸ ಆಗ್ಲಿಲ್ಲ ಅಂತ ಮತ್ತೆ 2024ರ ನವೆಂಬರ್‌ನಲ್ಲಿ ಕೋರ್ಟು ಕೂತು, ನಿಮ್ಮ ನಿಯಮಗಳು ಬರೀ ಸಲಹೆ ಕೊಟ್ಟಂಗಿದೆ, ಕಡ್ಡಾಯ ಮಾಡಿ, ಮೂರು ತಿಂಗಳು ಟೈಮು ಅಂತು. ನಮ್ಮಲ್ಲಿ ಮೂರು ತಿಂಗಳು ಅಂದ್ರೆ ಎಷ್ಟು ಅಂತ ನಿಮ್ಮ ಬೀದಿಯ ಯುಜಿಡಿ ಗುಂಡಿ ನೋಡಿ ಅಂದಾಜು ಮಾಡ್ಕೊಳ್ಳಿ.

ಸರಿ, ರ‍್ಯಾಂಪಿಗೆ ಅನುದಾನ ಬೇಕು, ಟೆಂಡರ್ ಬೇಕು, ಎಸ್ಟಿಮೇಟ್ ಬೇಕು, ಒಪ್ಪಿದೆ. ಇದಕ್ಕೇನಂತೀರಿ? ಆರನೇ ಕ್ಲಾಸು ಇರೋದು ಮೇಲಿನ ಮಹಡೀಲಿ. ಹಾಗಾಗಿ ಆ ಹುಡುಗಿ ಜೂನ್‌ನಿಂದ ಕೆಳಗಡೆ ನಾಲ್ಕನೇ ಕ್ಲಾಸಿನವರ ಜೊತೆ ಕೂತಿದಾಳೆ. ಎರಡು ವರ್ಷದ ಹಿಂದೆ ಓದಿದ್ದನ್ನೇ ಮತ್ತೆ ಕೇಳ್ತಾಳೆ, ಅವಳ ಫ್ರೆಂಡ್ಸೆಲ್ಲ ಮೇಲೆ, ಇವಳು ಕೆಳಗೆ, ಇಂಟರ್‌ವಲ್ಲಲ್ಲಿ ಮೆಟ್ಲಿನ ಹತ್ರ ಬಂದು ಯಾರಾದ್ರೂ ಇಳೀತಾರಾ ಅಂತ ಕಾಯ್ತಾಳೆ. ಅವರಪ್ಪ ಹೋಗಿ ಕೇಳಿದ್ರು, ಸಾರ್, ನಾಲ್ಕನೇ ಕ್ಲಾಸು ಮೇಲಕ್ಕೆ ಹಾಕಿ, ಆರನೇ ಕ್ಲಾಸು ಕೆಳಗೆ ತನ್ನಿ, ಬೆಂಚ್ ಬೇಕಾದ್ರೆ ನಾನೇ ಹೊರ್ತೀನಿ. ಹೆಡ್‌ಮೇಷ್ಟ್ರು ಬಹಳ ಒಳ್ಳೇವರು, ಕಾಫಿ ತರ್ಸಿ ಕೊಟ್ರು. "ನೋಡಿ, ಒಬ್ಬಳಿಗೋಸ್ಕರ ಎರಡು ಕ್ಲಾಸು ಅಲ್ಲಾಡ್ಸಕ್ಕಾಗುತ್ತಾ? ಯಾವತ್ತಿಂದ್ಲೂ ಆರನೇ ಕ್ಲಾಸು ಮೇಲೇನೇ ಇರೋದು." ಜಾಥಾಗೋಸ್ಕರ ಅರ್ಧ ದಿನ ಇಡೀ ಶಾಲೇನೇ ಅಲ್ಲಾಡ್ತು. ಬ್ಯಾಂಡ್‌ಸೆಟ್ಟಿಗೆ ದುಡ್ಡು ಸಿಕ್ತು, ಶಾಲು ಹಾರಕ್ಕೆ ಸಿಕ್ತು, ಪೇಟಕ್ಕೆ ಸಿಕ್ತು. ಬೆಂಚ್ ಇಳ್ಸಕ್ಕೆ ದುಡ್ಡೇ ಬೇಕಾಗಿರ್ಲಿಲ್ಲ.

ಇಲ್ಲಿಗೆ ಸೇರ್ಸೋಕೆ ಮುಂಚೆ ಅವರು ಮೂರು ಪ್ರೈವೇಟ್ ಶಾಲೆ ಅಲೆದಿದ್ರು. ಮೂರೂ ಕಡೆ ನಗು ಒಂದೇ ಥರ, ಮಾತೂ ಒಂದೇ ಥರ, ನಮಗೇನಿಲ್ಲ ಸಾರ್, ಬೇರೆ ಪೇರೆಂಟ್ಸ್ ಒಪ್ಪಲ್ಲ. ಮಾನ್ಯತೆ ಪಡೆದ ಶಾಲೆ ತಾರತಮ್ಯ ಇಲ್ದೆ ಸೇರಿಸ್ಕೋಬೇಕು ಅಂತ ಕಾಯ್ದೇಲಿ ಸ್ಪಷ್ಟವಾಗಿ ಬರ್ದಿದೆ. ಆ ಬೇರೆ ಪೇರೆಂಟ್ಸ್ ಅಂದ್ರೆ ಯಾರು? ನಾವೇ ತಾನೆ. ನನಗೆ ಇದರಲ್ಲಿ ತಮಾಷೆ ಮಾಡಕ್ಕೂ ಈಗ ಬೇಜಾರು. ಹನ್ನೊಂದು ವರ್ಷದ ಮಗು ಶಾಲೇಲಿ ನೀರು ಕುಡಿಯಕ್ಕೆ ಹೆದರುತ್ತೆ, ನಾವು ಶಾಲು ಹೊದ್ಕೊಂಡು ಭಾಷಣ ಕೇಳ್ತೀವಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲೇ ಅಂಗವೈಕಲ್ಯ ಇರೋರು 13 ಲಕ್ಷಕ್ಕೂ ಹೆಚ್ಚು ಜನ ಇದಾರೆ, ಅಷ್ಟು ಜನಾನ ಯಾವ ಗೇಟಿನ ಹಿಂದೆ ಕೂರಿಸಿದೀವಿ ನಾವು, ಬೀದಿಲಿ ಕಾಣೋದೇ ಇಲ್ವಲ್ಲ.

ಕಥೆ ಇನ್ನೂ ಮುಗಿದಿಲ್ಲ. ಮಾರನೇ ದಿನ ಸಂಜೆ ಎದುರುಮನೆ ಮುಂದೆ ಒಂದು ಆಟೋ ಬಂತು. ಅದರಿಂದ ಇಬ್ಬರು ಮೇಷ್ಟ್ರು, ಒಬ್ಬರು ಮಿಸ್ಸು, ಸುತ್ತಿದ ಬ್ಯಾನರು ಇಳೀತು. ವರದಿ ಅಪ್‌ಲೋಡ್ ಮಾಡ್ಬೇಕಂತೆ, ಜಾಥಾದಲ್ಲಿ ವಿಶೇಷ ಅಗತ್ಯವುಳ್ಳ ಮಗು ಭಾಗವಹಿಸಿರೋ ಫೋಟೋ ಕಡ್ಡಾಯ ಅಂತೆ, ತೆಗೆದಿರೋ ಎಪ್ಪತ್ತು ಫೋಟೋದಲ್ಲಿ ಅಂಥ ಮಗು ಒಂದೂ ಸಿಕ್ಲಿಲ್ವಂತೆ. ಹುಡುಗಿಯ ಅಮ್ಮ ಗೊಣಗ್ತಾ ಮತ್ತೆ ಯೂನಿಫಾರ್ಮ್ ಹಾಕಿ ಕೆಂಪು ಟೇಪು ಕಟ್ಟಿದ್ರು. ಬ್ಯಾನರ್ ಬಿಚ್ಚಿ ಗೇಟಿನ ಮುಂದೆ ಇಬ್ಬರು ಎರಡು ತುದಿ ಹಿಡ್ಕೊಂಡ್ರು, ಹಿಂದೆ ವೀಲ್‌ಚೇರು. ಬ್ಯಾನರ್ ದೊಡ್ಡದು, ಹುಡುಗಿ ಪೂರ್ತಿ ಮುಚ್ಚಿಹೋದ್ಲು.

"ಸ್ವಲ್ಪ ಕೆಳಗೆ ಇಳ್ಸಿ" ಅಂದ್ರು ಮಿಸ್ಸು, "ಮುಖ ಕಾಣ್ತಿಲ್ಲ."

"ಇಳ್ಸಿದ್ರೆ ಬ್ಯಾನರ್ ಮಡಚ್ಕೊಳ್ಳುತ್ತೆ ಮೇಡಂ, ಅಧ್ಯಕ್ಷರು ಕಟ್ ಆಗ್ತಾರೆ. ಮೇಲಕ್ಕೆ ಎತ್ತೋಣ, ಮುಖ ಕಾಣದಿದ್ರೂ ಪರವಾಗಿಲ್ಲ, ಚಕ್ರ ಕಂಡ್ರೆ ಸಾಕು."

ಎತ್ತಿದ್ರು. ಬ್ಯಾನರ್ ಕೆಳಗಡೆ ಎರಡು ಚಕ್ರ ನೀಟಾಗಿ ಕಾಣ್ತು. ಹಿಂದಿನಿಂದ ಅವಳ ದನಿ ಮಾತ್ರ ಬಂತು, "ಮಿಸ್, ಘೋಷಣೆ ಕೂಗ್ಬೇಕಾ?"